ಬಿಚ್ಚಾಣಿಕೆಯ ಕೈ

ಇಪ್ಪತ್ತಾರು ವರ್ಷ ಬಿಚ್ಚಿದ್ದೇ ಬಿಚ್ಚಿದ್ದು.
ಶಿಡ್ಲಘಟ್ಟದಲ್ಲಿ ಆ ಕೆಲಸದ ಹೆಸರೇ ನೂಲು ಬಿಚ್ಚಾಣಿಕೆ.
ಕುದಿನೀರಲ್ಲಿ ಗೂಡು ಗಿರಗಿರ ತಿರುಗುತ್ತಿರುತ್ತೆ,
ಬೆರಳದ್ದಿ ಎಳೆಯ ತುದಿ ಹುಡುಕಬೇಕು,
ಎಂಟು ಗೂಡಿನ ಎಂಟು ಎಳೆ ಒಂದಾಗಿ
ರಾಟೆ ಹತ್ತಬೇಕು.
ನಡುವೆ ಗಂಟು ಬಿತ್ತೋ,
ದಸ್ತಗೀರ್ ಸಾಹೇಬರ ಮುಖವೂ ಗಂಟು.
ಗಂಟು ಅಂದರೆ ನಷ್ಟ.

ಅಂಥ ಕೈಗೆ
ಪಕ್ಕದ ಮನೆ ಷಾಹಿನಾ, ಒಂಬತ್ತನೇ ಕ್ಲಾಸು,
ಒಂದು ಕ್ರೋಶಾ ಕಡ್ಡಿ ಕೊಟ್ಟು ಹೇಳುತ್ತಾಳೆ:
"ಮೊದಲು ಒಂದು ಗಂಟು ಹಾಕಿ ಆಂಟಿ."

ಹಾಕಲಿಲ್ಲ ನಾನು, ಒಂದು ಗಳಿಗೆ.

ಮೂರು ತಿಂಗಳು ನೀರು ಮುಟ್ಟಬೇಡಿ ಅಂದಿದ್ದಾರೆ ಡಾಕ್ಟರು.
ಬೆರಳ ಸಂದಿ ಬಿಳಿಚಿಕೊಂಡು ಸುಲಿಯುತ್ತೆ.
ಪಾತ್ರೆ ತೊಳೆಯೋದು ಈಗ ನಮ್ಮನೆಯವರು.
ಸಾರಿನ ತಪ್ಪಲೆಯ ತಳ ಕಪ್ಪಗೇ ಉಳಿದಿದೆ,
ನಾನು ಬಾಯಿ ಬಿಡಲ್ಲ.

ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯ ಗಿಳಿಹಸಿರು ಉಣ್ಣೆ,
ಮೊದಲ ಸಂಜೆ ಬರೀ ಸರಪಳಿ,
ಕಣ್ಣೊಳಗೆ ಕಣ್ಣು, ಕಣ್ಣೊಳಗೆ ಕಣ್ಣು.
"ಬಾವಿಗೆ ಹಗ್ಗ ಹೊಸೀತಿದ್ದೀಯೇನೇ?" ಅತ್ತೆ ಕೇಳಿದರು.
ಬಾವಿ ಮುಚ್ಚಿ ಹದಿನೈದು ವರ್ಷವಾಯ್ತು.
ನಾದಿನಿ ಮಗಳು ಅದನ್ನು ಜಡೆಗೆ ಸುತ್ತಿಕೊಂಡು
ಬೀದಿ ತುಂಬ ಓಡಿದಳು.
ಕುಟುಂಬಕ್ಕೆ ಅಂತ ನಾನು ಮಾಡಿದ ಮೊದಲನೇ ಸಾಮಾನು ಅದೇ.

"ಈಗ ಒಂದು ಚೌಕ. ಸುಲಭ.
ಬಿಸಿ ಪಾತ್ರೆ ಇಳಿಸೋಕೆ ಅಂಕಲ್‌ಗೆ ಆಗುತ್ತೆ."
ಇಪ್ಪತ್ತು ಕಣ್ಣು. ತಿರುಗಿಸು. ಮತ್ತೆ ಇಪ್ಪತ್ತು.
ನನ್ನದು ಇಪ್ಪತ್ತು, ಹತ್ತೊಂಬತ್ತು, ಹದಿನೆಂಟು,
ಸಾಲಿಗೊಂದರಂತೆ ಸದ್ದಿಲ್ಲದೆ ಸೋರಿ
ಮೂರನೇ ಸಂಜೆಗೆ ಚೌಕ ಮೂತಿ ಚೂಪು ಮಾಡಿಕೊಂಡು
ಮುಕ್ಕೋನವಾಗಿ ಕೂತಿತ್ತು.

ಷಾಹಿನಾ ನಗಲಿಲ್ಲ. ಒಳ್ಳೆ ಹುಡುಗಿ.
"ಕೊನೇ ಕಣ್ಣು ಅಂಚಲ್ಲಿ ಅಡಗಿರುತ್ತೆ ಆಂಟಿ,
ಎಲ್ಲರೂ ಬಿಡೋದು ಅದನ್ನೇ."
ರಾತ್ರಿ ತಟ್ಟೆ ಹಾಕುವಾಗ
ನಾನೂ ಒಂದು ಕಮ್ಮಿಯೇ ಎಣಿಸುತ್ತೇನೆ.
ಅದನ್ನು ಅವಳಿಗೆ ಹೇಳಲಿಲ್ಲ.

"ಬಿಚ್ಚಿಬಿಡಿ. ಎಳೆದರೆ ಸರಸರ ಬರುತ್ತೆ."

ಬಿಚ್ಚೋದು ನನಗೆ ಹೇಳಿಕೊಡಬೇಕಾ!
ತುದಿ ಹಿಡಿದು ಎಳೆದೆ.
ಒಂದು ಸಾಲು ಹೋಯಿತು, ಮುಕ್ಕಾಲು ಸಾಲು ಹೋಯಿತು,
ಎಂಥ ಸಲೀಸು, ನೀರಿಲ್ಲ, ಹೊಗೆಯಿಲ್ಲ,
ಆ ವಾಸನೆಯಿಲ್ಲ.
ಗೂಡು ಬಿಚ್ಚಿದರೆ ಕೊನೆಗೆ ಒಂದು ಹುಳ ಇರುತ್ತೆ,
ಬೆಂದ ಹುಳ, ಕಡಲೆಕಾಯಿ ಗಾತ್ರ, ಕಂದು.
ಇದರೊಳಗೆ ಏನೂ ಇರಲಿಲ್ಲ.
ಇದ್ದದ್ದು ನನ್ನ ಮೂರು ಸಂಜೆ.

ಕೈ ನಿಂತಿತು.
ತಪ್ಪಿದ ಕಣ್ಣಿಗೆ ಮತ್ತೆ ಕಡ್ಡಿ ತೂರಿಸಿ
ಬಿಚ್ಚಿದಷ್ಟನ್ನು ಕಟ್ಟಿಕೊಂಡು ಬಂದೆ,
ಮುಕ್ಕೋನ ಮುಕ್ಕೋನವಾಗಿಯೇ ಇರಲಿ ಅಂತ.

ರಾತ್ರಿ ಅಂಗಳದಲ್ಲಿ ಅವರ ಸೈಕಲ್ಲು ಕಂಡಿತು.
ಸೀಟು. ಹಿಂದೆ ಅಗಲ, ಮುಂದೆ ಚೂಪು.

ನಾಲ್ಕು ಕಡೆ ಸರಪಳಿ ಇಳಿಸಿ ಕೆಳಗೆ ಬಿಗಿದೆ,
ಗಂಟು ಹಾಕಿ,
ಗಂಟಿನ ಮೇಲೆ ಗಂಟು ಹಾಕಿ.

"ಇದೇನಿದು?"
"ಸೀಟಿಗೆ."
"ಮಳೆ ಬಂದರೆ?"
"ನೆನೆಯುತ್ತೆ."
ಇನ್ನೇನೂ ಕೇಳದೆ ಗೂಡಿನ ಮಾರುಕಟ್ಟೆಗೆ ಹೊರಟರು,
ಇನ್ನೂ ಬೆಳಕು ಹರಿದಿರಲಿಲ್ಲ.

ಅಲ್ಲಿ ತೂಕದವನು ಕೇಳಿದನಂತೆ,
ಎಲ್ಲಿ ತಂದೆ ಪಿಳ್ಳಪ್ಪ, ಚೆನ್ನಾಗಿದೆ?
ಮನೇಲಿ ಬೆಳೆದದ್ದು ಅಂದರಂತೆ ಇವರು.
ಮಧ್ಯಾಹ್ನ ಉಂಡು ಎದ್ದ ಮೇಲೆ ಇಷ್ಟು ಹೇಳಿದರು.
ಜೊತೆಗೆ, ಸ್ವಲ್ಪ ಜಾರುತ್ತೆ ಅಂತಲೂ.

ಈವತ್ತು ಷಾಹಿನಾ ಟ್ಯೂಷನ್ನಿಗೆ ಹೋಗಿದ್ದಾಳೆ.
ಒಬ್ಬಳೇ ಕೂತು ಮತ್ತೆ ಶುರು ಮಾಡಿದ್ದೇನೆ.
ಬಿಸಿ ತಪ್ಪಲೆಗೆ ಚೌಕ ಇನ್ನೂ ಬಾಕಿಯಿದೆ.
ಸಾಲು ಮುಗಿದಾಗ ಅಂಚನ್ನು ಬೆರಳಿಂದ ಸವರುತ್ತೇನೆ,
ಕುದಿನೀರಲ್ಲಿ ತುದಿ ಹುಡುಕುತ್ತಿದ್ದ ಅದೇ ಬೆರಳು,
ಚರ್ಮ ಈಗೀಗ ಕೂಡಿಕೊಳ್ಳುತ್ತಿದೆ.

ಇದೆ, ಅಡಗಿದೆ.
ಇಪ್ಪತ್ತು.